ಅರವತ್ತೈದು ತುಂಬಲಿ ಎಂದು

ಒಡೀಲ್ ಲಾರೋಶ್ ತಾನು ಕೆಲಸಕ್ಕಿದ್ದ ವೃದ್ಧರ ವಸತಿಯ ಅಡುಗೆಮನೆಯಲ್ಲಿ ಬಟಾಣಿ ಸೂಪು ಕಲಕುತ್ತಿದ್ದಾಗ ಪಾತ್ರೆಯೊಳಗೆ ಮಸಿಯ ಚೂರೊಂದು ತೇಲಿದಂತೆ ಕಂಡಿತು. ಸೌಟಿನಿಂದ ತೆಗೆಯಲು ಹೋದಳು. ಸಿಗಲಿಲ್ಲ. ಬಿಳಿ ಗೋಡೆಯ ಕಡೆ ತಿರುಗಿದರೆ ಅಲ್ಲೂ ಅದೇ ಚೂರು, ಜೊತೆಗೆ ಇನ್ನೆರಡು. ಮಸಿ ಇರುವುದು ಸೂಪಿನಲ್ಲಲ್ಲ, ತನ್ನ ಕಣ್ಣಿನಲ್ಲಿ ಎಂದು ಆಗ ಗೊತ್ತಾಯಿತು.

ಸಂಜೆ ಗಂಡನಿಗೆ ಹೇಳಿದಳು. ಫೆರ್ನಾಂ ಮರ ಕೊಯ್ಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಪಿಂಚಣಿ, ಆರೋಗ್ಯ ಕಾರ್ಡು, ಸರ್ಕಾರ ಯಾವುದಕ್ಕೆ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನೆಲ್ಲ ಬೀದಿಯ ಜನ ಅವನನ್ನೇ ಕೇಳುತ್ತಿದ್ದರು. ಒಂಟಾರಿಯೋ ಪ್ರಾಂತ್ಯದ ಸರ್ಕಾರ ದೊಡ್ಡವರ ಕಣ್ಣಿನ ಪರೀಕ್ಷೆಗೆ ದುಡ್ಡು ಕೊಡುವುದನ್ನು ನಿಲ್ಲಿಸಿದ ವರ್ಷ, ಕಾರ್ಖಾನೆಯ ಊಟದ ಕೋಣೆಯಲ್ಲಿ ಸಂಘದ ಮುಖಂಡ ವಿವರಿಸಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಮಕ್ಕಳಿಗೆ ಪುಕ್ಕಟೆ, ಅರವತ್ತೈದು ತುಂಬಿದ ಮುದುಕರಿಗೆ ಪುಕ್ಕಟೆ, ನಡುವಿನವರು ಕೈಯಿಂದ ಕೊಡಬೇಕು. ಅಂದಿನಿಂದ ಅವನು ಅದನ್ನು ಹತ್ತಾರು ಜನಕ್ಕೆ ಹೇಳಿದ್ದ.

"ಇನ್ನೆಷ್ಟು ದಿನ, ಅರವತ್ತೈದು ತುಂಬ್ಲಿ ಬಿಡು," ಎಂದ. "ಪುಕ್ಕಟೆ ಸಿಗೋದಕ್ಕೆ ಯಾಕೆ ಈಗ್ಲೇ ಹೋಗಿ ದುಡ್ಡು ಸುರೀತೀಯ?"

ಕೊಡಲು ಅವರಿಗೆ ಆಗುತ್ತಿರಲಿಲ್ಲವೆಂದಲ್ಲ. ಜೀವಮಾನವೆಲ್ಲ ತೆರಿಗೆ ಕಟ್ಟಿದವರಿಗೆ ಬಾಗಿಲಲ್ಲಿ ಮತ್ತೆ ಕೈ ಚಾಚುತ್ತಾರಲ್ಲ ಎಂಬ ಸಿಟ್ಟು ಇಬ್ಬರಿಗೂ ಇತ್ತು. ಒಡೀಲ್ ಔಷಧಿ ಅಂಗಡಿಯ ಗೂಟದಿಂದ ಸಿದ್ಧ ಕನ್ನಡಕವೊಂದನ್ನು ಎತ್ತಿಕೊಂಡಳು. ಅದು ಸಾಲದಾದಾಗ ಇನ್ನೊಂದನ್ನು.

ಅವಳಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಹಳೆಯ ಡಾಕ್ಟರು ಊರು ಬಿಟ್ಟ ಮೇಲೆ ಹೊಸಬರು ಯಾರೂ ಬಂದು ನಿಲ್ಲಲಿಲ್ಲ. ನರ್ಸೊಬ್ಬಳು ಮಾತ್ರೆ ಬರೆದುಕೊಡುತ್ತಿದ್ದಳು. ಒಮ್ಮೆ ಅವಳು ಕಣ್ಣು ತೋರಿಸಿದ್ದೀರಾ ಎಂದು ಕೇಳಿದ್ದಳು. ತೋರಿಸಿದ್ದೇನೆ ಎಂದು ಒಡೀಲ್ ಸುಳ್ಳು ಹೇಳಿದಳು. ಹೊರಗೆ ಸಾಲಿನಲ್ಲಿ ಜನ ಕಾಯುತ್ತಿದ್ದರು, ಮಾತು ಬೆಳೆಸಲು ಅವಳಿಗೆ ಮನಸ್ಸಿರಲಿಲ್ಲ.

ಅರವತ್ತೈದು ತುಂಬಿದ ವಾರವೇ ಫೆರ್ನಾಂ ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಟಿಮ್ಮಿನ್ಸ್ ಪಟ್ಟಣಕ್ಕೆ ಹೊರಟ. ಹಬ್ಬಕ್ಕೆ ಹೊರಟವನಂತೆ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ದಾರಿಯುದ್ದಕ್ಕೂ ಒಡೀಲ್‌ಗೆ ಸ್ಪ್ರೂಸ್ ಮರಗಳ ಸಾಲು ಒಂದೇ ಕಪ್ಪು ಗೋಡೆಯಾಗಿ ಕಂಡಿತು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.

ಕಣ್ಣು ಪರೀಕ್ಷಿಸುವ ಡಾಕ್ಟರು ಕಬೇಯಾ ಎಂಬ ಹೆಂಗಸು. ಕಾಂಗೋದಿಂದ ಬಂದು ನೆಲೆಸಿದವಳು, ಮನೆಮಾತೇ ಫ್ರೆಂಚಾದ ಇವರಿಗಿಂತ ನಾಜೂಕಾದ ಫ್ರೆಂಚು ಆಡುವವಳು. ಬಾಗಿಲಲ್ಲಿ ನಗುತ್ತ ಮಾತನಾಡಿಸಿ, ಹನಿ ಹಾಕಿ ದೀಪ ಹಿಡಿದು ಕಣ್ಣಿನೊಳಗೆ ನೋಡಿದಳು. ಒಂದು ಕಣ್ಣು ನೋಡಿ ಇನ್ನೊಂದಕ್ಕೆ ಹೋದಳು, ಮತ್ತೆ ಮೊದಲಿನದಕ್ಕೇ ಬಂದಳು. ಸಕ್ಕರೆ ಕಾಯಿಲೆ ಎಷ್ಟು ಕಾಲದಿಂದ ಎಂದು ಕೇಳಿದಳು. ಒಡೀಲ್ ಹೇಳಿದಳು.

"ಇಷ್ಟು ವರ್ಷ ಯಾರಿಗೂ ತೋರಿಸ್ಲಿಲ್ವಾ, ಮದಾಂ?"

"ಅರವತ್ತೈದು ಆಗಿರ್ಲಿಲ್ವಲ್ಲ," ಎಂದಳು ಒಡೀಲ್.

ಡಾಕ್ಟರು ದೀಪ ಆರಿಸಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡಳು. "ಸಕ್ಕರೆ ಕಾಯಿಲೆ ಇರೋರಿಗೆ ಆ ಲೆಕ್ಕ ಇಲ್ಲ, ಮದಾಂ. ವಯಸ್ಸು ಎಷ್ಟಾದ್ರೂ ಇರ್ಲಿ, ವರ್ಷಕ್ಕೊಂದು ಸಲ ಆರೋಗ್ಯ ಕಾರ್ಡ್ ತೋರ್ಸಿದ್ರೆ ಸಾಕಿತ್ತು, ಪುಕ್ಕಟೆ ನೋಡ್ತಿದ್ರು. ಯಾವ ಡಾಕ್ಟರ ಚೀಟಿನೂ ಬೇಕಾಗಿರ್ಲಿಲ್ಲ."

ಗೋಡೆಗೊರಗಿ ನಿಂತಿದ್ದ ಫೆರ್ನಾಂ, ಆ ನಿಯಮ ಹೊಸದಾಗಿ ಬಂತೇ ಎಂದು ಕೇಳಿದ. ಹೊಸದಲ್ಲ, ಬಹಳ ಹಿಂದಿನಿಂದಲೂ ಇದೆ ಎಂದಳು ಡಾಕ್ಟರು. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ.

ಕಣ್ಣಿನ ಹಿಂದಿನ ರಕ್ತನಾಳಗಳು ಸೋರಿದ್ದವು. ಬಲಗಣ್ಣಿನ ಪರದೆ ತನ್ನ ಜಾಗದಿಂದ ಕಿತ್ತು ಬಂದಿತ್ತು. ಸಡ್ಬರಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಎಡಗಣ್ಣಿಗೆ ಲೇಸರ್ ಕೊಟ್ಟರು, ಸೂಜಿ ಚುಚ್ಚಿದರು. ಅದಕ್ಕೆಲ್ಲ ಸರ್ಕಾರವೇ ಕೊಟ್ಟಿತು. ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಉಳಿದದ್ದು ನೆರಳು, ಬೆಳಕು, ತೀರ ಹತ್ತಿರ ಬಂದವರ ಮುಖದ ಅಂಚು ಇಷ್ಟೇ.

ಆಸ್ಪತ್ರೆಯಿಂದ ಮರಳುವಾಗ ಫೆರ್ನಾಂ ಹೆದ್ದಾರಿಯ ಬದಿಗೆ ಗಾಡಿ ನಿಲ್ಲಿಸಿದ. ಸ್ಟಿಯರಿಂಗ್ ಹಿಡಿದ ಕೈ ತೆಗೆಯಲಿಲ್ಲ.

"ಬೈದುಬಿಡು, ಒಡೀಲ್. ನಿನ್ನ ಕಣ್ಣು ಕಳೆದಿದ್ದು ನಾನೇ."

ಆಗ ಅವಳಿಗೆ ನರ್ಸಿನ ಪ್ರಶ್ನೆ ನೆನಪಾಯಿತು. ತಾನು ಅಂದು ನಿಜ ಹೇಳಿದ್ದರೆ ಆ ಹುಡುಗಿ ಅಲ್ಲೇ ತಿಳಿಸಿಬಿಡುತ್ತಿದ್ದಳು. ಅದನ್ನು ಗಂಡನಿಗೆ ಹೇಳಬಹುದಿತ್ತು, ಅವನ ಎದೆಯ ಭಾರ ಅರ್ಧವಾದರೂ ಇಳಿಯುತ್ತಿತ್ತು. ಮಾತು ನಾಲಗೆಯ ತುದಿಗೆ ಬಂತು. ಆದರೆ ಕಣ್ಣೂ ಕಳೆದುಕೊಂಡು ತಪ್ಪನ್ನೂ ತಾನೇ ಹೊರಬೇಕೇ ಎಂದು ಒಳಗೆ ಏನೋ ಕಲ್ಲಾಯಿತು. "ಮನೆಗೆ ನಡಿ, ಚಳಿ ಆಗ್ತಿದೆ," ಎಂದಷ್ಟೇ ಅಂದಳು. ಮುಂದೆಯೂ ಹೇಳಲಿಲ್ಲ.

ಫೆರ್ನಾಂ ಕಾಫಿ ಅಂಗಡಿಗೆ ಹೋಗುವುದನ್ನು ಬಿಟ್ಟ. ಯಾರಾದರೂ ಫೋನು ಮಾಡಿ ಪಿಂಚಣಿಯ ಮಾತೆತ್ತಿದರೆ ನನಗೆ ಗೊತ್ತಿಲ್ಲ ಎಂದು ಇಟ್ಟುಬಿಡುತ್ತಿದ್ದ. ಮನೆಗೆ ಬರುತ್ತಿದ್ದವನೆಂದರೆ ಪಕ್ಕದ ಮನೆಯ ಗಾಸ್ತೋಂ ಒಬ್ಬನೇ. ಅವನೂ ಕಾರ್ಖಾನೆಯವನು, ಇವರಿಗಿಂತ ಮೂರ್ನಾಲ್ಕು ವರ್ಷ ಚಿಕ್ಕವನು. ಅವನಿಗೂ ಸಕ್ಕರೆ ಕಾಯಿಲೆ. ಅವನು ಬಂದು ಕುಳಿತ ಮೊದಲ ದಿನವೇ ಒಡೀಲ್ ವಿಷಯ ತೆಗೆದಳು.

"ನೀನು ಟಿಮ್ಮಿನ್ಸಿಗೆ ಹೋಗಿ ಕಣ್ಣು ತೋರ್ಸ್ಕೊಂಡು ಬಾ. ನಿಂಗೆ ಪುಕ್ಕಟೆ."

"ನಂಗಿನ್ನೂ ಅರವತ್ತೈದು ಆಗಿಲ್ವೇ ತಾಯಿ. ನಿನ್ನ ಗಂಡನೇ ಹೇಳಿದ್ದು."

"ನಾನು ಹೇಳಿದ್ದು ತಪ್ಪು," ಎಂದ ಫೆರ್ನಾಂ.

"ನಿನ್ನ ಮಾತು ಯಾವತ್ತಪ್ಪ ತಪ್ಪಾಗಿದೆ?" ಗಾಸ್ತೋಂ ನಕ್ಕ. ಜೊತೆಗೆ ಯಾರೂ ನಗದಿದ್ದಾಗ, ಮೂಸ್ ಜಿಂಕೆಯ ಬೇಟೆ ಮುಗಿಯಲಿ, ಹೋಗಿ ಬರುತ್ತೇನೆ ಎಂದು ಮಾತು ಕೊಟ್ಟ.

ಬೇಟೆ ಮುಗಿಯಿತು. ಮಂಜು ಕರಗಲಿ ಎಂದ. ಒಡೀಲ್ ತಾನೇ ಫೋನು ಮಾಡಿಸಿ ಅವನ ಹೆಸರಿಗೆ ದಿನ ಗೊತ್ತು ಮಾಡಿಸಿದಳು. ಆ ದಿನ ಅವನ ಗಾಡಿ ಕೆಟ್ಟಿತ್ತಂತೆ. ಇನ್ನೊಂದು ದಿನ ಗೊತ್ತು ಮಾಡಿಸಿದರೆ ಮೊಣಕಾಲು ನೋವಂತೆ. ಫೆರ್ನಾಂ ತನ್ನ ಗಾಡಿ ತೆಗೆದು ಅವನ ಬಾಗಿಲಲ್ಲಿ ಹಾರ್ನ್ ಹೊಡೆದರೂ ಅವನು ಹೊರಗೆ ಬರಲಿಲ್ಲ. ತನ್ನ ಮುಖ ನೋಡಿದ ಮೇಲೆ ಅವನಿಗೆ ಹೆದರಿಕೆ ಹತ್ತಿದೆ ಎಂದು ಒಡೀಲ್‌ಗೆ ಅರ್ಥವಾಯಿತು. ಡಾಕ್ಟರು ಏನು ಹೇಳಿಯಾಳು ಎಂದೇ ಅವನು ಹೋಗುತ್ತಿಲ್ಲ.

ವಸಂತದ ಒಂದು ಮಧ್ಯಾಹ್ನ ಗಂಡಸರಿಬ್ಬರೂ ಅಡುಗೆಮನೆಯ ಮೇಜಿನಲ್ಲಿ ಇಸ್ಪೀಟೆಲೆ ಆಡುತ್ತಿದ್ದರು. ಒಡೀಲ್ ಕಿಟಕಿಯ ಬಳಿ ಕುಳಿತಿದ್ದಳು. ಎಲೆಯೊಂದು ಮೇಜಿಗೆ ಬಿದ್ದ ಸದ್ದು ಕೇಳಿಸಿತು. ಅದರ ಹಿಂದೆಯೇ ಇನ್ನೊಂದು.

"ಗಾಸ್ತೋಂ, ನಾನು ಆಡಿದ್ದು ಇಸ್ಪೇಟು," ಎಂದ ಫೆರ್ನಾಂ ಮೆಲ್ಲಗೆ. "ನೀನು ಹಾಕಿದ್ದು ಕಲಾವರ್."

"ಹೌದಲ್ಲ." ಕುರ್ಚಿ ಕಿರುಗುಟ್ಟಿತು. "ಇಲ್ಲಿ ಬೆಳಕು ಸಾಲ್ದು. ದೀಪ ಹಾಕ್ರಪ್ಪ."

ಒಡೀಲ್‌ಳ ಕೈಮೇಲೆ ಬಿಸಿಲು ಸುಡುತ್ತಿತ್ತು. ಫೆರ್ನಾಂ ಎದ್ದು ಹೋಗಿ ದೀಪ ಹಾಕಿದ.