ಕಿರೀಟದೊಳಗಿನ ಶ್ರುತಿ

ದೊಡ್ಡಬಳ್ಳಾಪುರದ ಬಚ್ಚಪ್ಪ ಮೂವತ್ತು ವರ್ಷ ಪವರ್‌ಲೂಮ್ ಮಗ್ಗಗಳ ನಡುವೆ ನಿಂತು ಸೀರೆ ನೇಯ್ದವರು. ಆ ಸದ್ದು ಅವರ ಕಿವಿಯನ್ನು ಅರ್ಧಕ್ಕರ್ಧ ತಿಂದುಹಾಕಿತ್ತು. ಮನೆಯಲ್ಲಿ ಗಟ್ಟಿಯಾಗಿ ಮಾತಾಡಿದರೆ ನಡೆಯುತ್ತಿತ್ತು. ರಂಗದ ಮೇಲೆ ನಡೆಯಲಿಲ್ಲ. ನೇಕಾರರ ಪೌರಾಣಿಕ ನಾಟಕದಲ್ಲಿ ಗದೆ ಹಿಡಿದ ರಾಜನೆಂದರೆ ಬಚ್ಚಪ್ಪನೇ ಎನ್ನುವ ಕಾಲವಿತ್ತು. ಒಮ್ಮೆ ಹಾರ್ಮೋನಿಯಂ ಕೇಳಿಸದೆ ಹಾಡು ಶ್ರುತಿ ತಪ್ಪಿ ಎಲ್ಲೆಲ್ಲೋ ಹೋಯಿತು. ಜನ ನಕ್ಕರು. ಆಮೇಲೆ ಆರು ವರ್ಷ ಅವರು ಬಣ್ಣ ಹಚ್ಚಲಿಲ್ಲ.

೧೯೯೪ರಲ್ಲಿ ಮಗಳು ಶಿಲ್ಪ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನ ಪ್ರಾಜೆಕ್ಟಿಗೆಂದು ಒಂದು ಪುಟ್ಟ ಎಫ್.ಎಂ. ಟ್ರಾನ್ಸ್‌ಮಿಟರ್ ಮಾಡಿ ಸೋಪಿನ ಡಬ್ಬಿಯಲ್ಲಿ ಕೂರಿಸಿದ್ದಳು. ಅದರ ಮೈಕಿನಲ್ಲಿ ಮಾತಾಡಿದರೆ ಐವತ್ತು ಅಡಿ ದೂರದ ರೇಡಿಯೊದಲ್ಲಿ ಕೇಳಿಸುತ್ತಿತ್ತು. ಒಂದು ಸಂಜೆ ಜೇಬಿನ ರೇಡಿಯೊದ ಇಯರ್‌ಫೋನನ್ನು ಅಪ್ಪನ ಕಿವಿಗೆ ಸಿಕ್ಕಿಸಿ, ತಾನು ಡಬ್ಬಿ ಹಿಡಿದು ಹಿತ್ತಲಿಗೆ ಹೋಗಿ, "ಅಪ್ಪಾ, ಊಟಕ್ಕೇಳಪ್ಪಾ" ಎಂದು ಪಿಸುಗುಟ್ಟಿದಳು.

"ಹಂಗ್ಯಾಕೆ ಕೂಗ್ತೀಯಮ್ಮ, ಕಿವಿ ಒಡ್ದೋಗುತ್ತೆ!" ಎಂದು ಒಳಗಿನಿಂದ ಬಚ್ಚಪ್ಪ ಕೂಗಿದರು. ಕೂಗಿದ ಮೇಲೆಯೇ ಏನಾಯಿತೆಂದು ಅವರಿಗೆ ಹೊಳೆದದ್ದು.

ಮರುದಿನವೇ ತಂದೆ ಮಗಳು ಹಾರ್ಮೋನಿಯಂ ಮೇಷ್ಟ್ರು ಅಪ್ಪಯ್ಯಣ್ಣನವರ ಮನೆಗೆ ಹೋದರು. ಬಚ್ಚಪ್ಪ ಇಯರ್‌ಫೋನ್ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕುಳಿತರು. ಡಬ್ಬಿಯನ್ನು ಹಾರ್ಮೋನಿಯಂ ಹಿಂದೆ ಇಟ್ಟು ಮೇಷ್ಟ್ರು ನುಡಿಸಿದಾಗ ಅವರ ಕಿವಿಯಲ್ಲಿ ಸ್ವರಗಳೆಲ್ಲ ಗೊರಗೊರ ಎಂದು ಒಡೆದವು. ಶಿಲ್ಪ ಮೈಕಿಗೆ ಹಳೆಯ ಪಂಚೆಯ ಚೂರು ಸುತ್ತಿದಳು. ಸದ್ದು ಹದಕ್ಕೆ ಬಂತು. ಅಷ್ಟರಲ್ಲಿ ನಡುವೆ ಹಿಂದಿ ವಾರ್ತೆ ನುಗ್ಗಿತು. ಡಬ್ಬಿಯೊಳಗಿನ ತಾಮ್ರದ ಸುರುಳಿಯನ್ನು ಬಿದಿರು ಕಡ್ಡಿಯಿಂದ ಕೂದಲೆಳೆಯಷ್ಟು ಅಗಲಿಸಿ, ಜಗಲಿಗೆ ಬಂದು ರೇಡಿಯೊದ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಖಾಲಿ ಜಾಗಕ್ಕೆ ತಿರುಗಿಸಿದಳು. ಸುರುಳಿಯ ಹತ್ತಿರ ಬೆರಳು ಹೋದರೂ ಸ್ಟೇಷನ್ ಜಾರಿ ಸ್ವರ ಮಾಯವಾಗುತ್ತಿತ್ತು. ಉಸಿರು ಬಿಗಿಹಿಡಿದು ಆ ಕೆಲಸ ಮಾಡಬೇಕಿತ್ತು.

"ಈ ವಯಸ್ಸಲ್ಲಿ ಇವನಿಗ್ಯಾಕೋ ಈ ಹುಚ್ಚು" ಎಂದು ಅಪ್ಪಯ್ಯಣ್ಣ ತಮ್ಮಷ್ಟಕ್ಕೆ ಗೊಣಗಿದರು.

"ನಿಂಗೆ ಬಿಡ್ತೇನ್ಲಾ ಹುಚ್ಚು?" ಎಂದು ಜಗಲಿಯಿಂದ ಬಚ್ಚಪ್ಪನ ಉತ್ತರ ಬಂತು.

ಮೇಷ್ಟ್ರ ಬೆರಳುಗಳು ಹಾರ್ಮೋನಿಯಂ ಮನೆಗಳ ಮೇಲೆಯೇ ನಿಂತವು. ಮರುಗಳಿಗೆಗೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಬಾರೋ, ಒಳಗ್ ಬಾ. ತಾಲೀಮು ಶುರು ಮಾಡಣ!"

ನಾಟಕ ಒಂದು ಭಾನುವಾರ, ಹಗಲಿನಲ್ಲಿ. ರೇಡಿಯೊ ರಾಜನ ಸೊಂಟಪಟ್ಟಿಯಲ್ಲಿತ್ತು, ತಂತಿ ಬೆನ್ನಮೇಲೆ ಹಾದು ಕಿರೀಟದೊಳಗೆ ಅಡಗಿತ್ತು. ಕಿವಿಯಲ್ಲಿ ಸ್ವರ ಮಾಯವಾದರೆ ಗದೆಯನ್ನು ಮೂರು ಸಲ ನೆಲಕ್ಕೆ ಕುಟ್ಟಬೇಕೆಂದು ಅಪ್ಪ ಮಗಳು ಮಾತಾಡಿಕೊಂಡಿದ್ದರು. ಮೊದಲ ಎರಡು ಹಾಡು ಸೊಗಸಾಗಿ ಹೋದವು. ಮಧ್ಯಾಹ್ನ ರಂಗದ ಮೇಲಿನ ತಗಡು ಕಾದು, ಸೋಪಿನ ಡಬ್ಬಿಯೂ ಬಿಸಿಯೇರಿತು. ಯುದ್ಧಕ್ಕೆ ಹೊರಡುವ ಹಾಡಿನ ನಡುವೆ ಬಚ್ಚಪ್ಪನ ಕಿವಿಯಲ್ಲಿ ಬರೀ ಸುಯ್ಯೆಂಬ ಸದ್ದು. ಅವರು ಅಂಜಲಿಲ್ಲ. ಕಣ್ಣು ಕೆಂಪು ಮಾಡಿ ಗದೆಯನ್ನು ಧಡ್, ಧಡ್, ಧಡ್ ಎಂದು ಕುಟ್ಟಿದರು.

ರಾಜನಿಗೆ ಸಿಟ್ಟು ಬಂತೆಂದುಕೊಂಡು ಜನ ಶಿಳ್ಳೆ ಹೊಡೆದರು. ಹಾರ್ಮೋನಿಯಂ ಪಕ್ಕ ಕುಳಿತಿದ್ದ ಶಿಲ್ಪ ಕಡ್ಡಿ ಹಿಡಿದು ಸುರುಳಿಯನ್ನು ಮೆಲ್ಲಗೆ ಮುಟ್ಟಿದಳು, ಮತ್ತೆ ಮುಟ್ಟಿದಳು. ಬಚ್ಚಪ್ಪನ ಮುಖ ಅರಳಿತು. ಮುಂದಿನ ಸಾಲನ್ನು ಎಷ್ಟು ಎತ್ತರಕ್ಕೆ ಏರಿಸಿ ನಿಲ್ಲಿಸಿದರೆಂದರೆ, ಹೆಂಗಸರ ಸಾಲಿನಲ್ಲಿದ್ದ ಹೆಂಡತಿ ನಾರಾಯಣಮ್ಮ ಎದ್ದುನಿಂತು, "ಒನ್ಸ್ ಮೋರ್!" ಎಂದು ಕೂಗಿಬಿಟ್ಟರು. ಆಮೇಲೆ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಗುಟ್ಟು ಎರಡು ದಿನವೂ ನಿಲ್ಲಲಿಲ್ಲ. ಮಂಗಳವಾರ ಬೆಳಗ್ಗೆ, ಬಚ್ಚಪ್ಪನಂತೆಯೇ ಕಿವಿ ಮಂದವಾಗಿ ಮಗ್ಗ ಬಿಟ್ಟ ಮುದುಕರು ಒಬ್ಬೊಬ್ಬರೂ ಒಂದೊಂದು ರೇಡಿಯೊ ಹಿಡಿದು ಅವರ ಮನೆ ಬಾಗಿಲಲ್ಲಿ ನಿಂತಿದ್ದರು. ಅವರೊಳಗೆ ಹಿರಿಯರಾದ ಕೊಂಡಪ್ಪ ಶಿಲ್ಪಳಿಗೆ, "ನಾವು ಹಾಡಲ್ಲ ಕಣಮ್ಮ, ಕೇಳ್ತೀವಿ ಅಷ್ಟೆ. ನಮ್ಗೂ ಒಸಿ ತಿರುಗ್ಸಿ ಕೊಡು" ಎಂದರು.

ಮುಂದಿನ ನಾಟಕಕ್ಕೆ ಶಿಲ್ಪ ರಂಗದ ನಡುವೆ ಇನ್ನೊಂದು ಮೈಕು ಇಟ್ಟು, ಉದ್ದನೆಯ ಏರಿಯಲ್ ಕಟ್ಟಿದಳು. ಮೊದಲ ಸಾಲಿನಲ್ಲಿ ಒಂಬತ್ತು ಜನ ಮುದುಕರು, ಒಂಬತ್ತು ರೇಡಿಯೊ. ಆಟ ಮುಗಿದ ಮೇಲೆ ಕೊಂಡಪ್ಪ ಕಣ್ಣೊರೆಸಿಕೊಳ್ಳುತ್ತಾ ಪಕ್ಕದವರಿಗೆ ಹೇಳಿದರು:

"ಇಷ್ಟು ವರ್ಷ ಈ ನಾಟಕ ನೋಡಿದೀನಿ ಗುರು. ಕೊನೇಲಿ ಯಾಕೆ ಹೊಡೆದಾಡ್ತಾರೆ ಅಂತ ಇವತ್ತು ಗೊತ್ತಾಯ್ತು!"