ಪ್ರಾರ್ಥನೆಯಲ್ಲಿ ನನ್ನ ಸರದಿ

ನನಗೆ ನಾನೇ ಹೇಳಿಕೊಳ್ಳಲೂ ನಾಚಿಕೆಯಾಗುವ ವಿಷಯ ಇದು: ಸಂಜೆಯ ಕುಟುಂಬ ಪ್ರಾರ್ಥನೆ ಎಂದರೆ ನನಗೆ ಹೆದರಿಕೆ. ಡೈರಿಯಲ್ಲೂ ಇದನ್ನು ಪೆನ್ಸಿಲಿನಲ್ಲಿ ಬರೆದು ಅಳಿಸಿಬಿಟ್ಟಿದ್ದೇನೆ. ಎಂ.ಎ. ಮುಗಿಸಿದವಳು, ಮನೆಯವರ ಮುಂದೆ ಬಾಯಿಬಿಟ್ಟು ನಾಲ್ಕು ಮಾತು ಪ್ರಾರ್ಥನೆ ಮಾಡಲಾರೆ.

ಸಂಜೆಯಾದರೆ ನಾವೆಲ್ಲ ಹಾಲ್‌ನಲ್ಲಿ ಚಾಪೆ ಹಾಸಿ ಕೂರುತ್ತೇವೆ. ಒಂದು ಹಾಡು, ಅಪ್ಪ ಬೈಬಲಿನಿಂದ ಓದುವ ವೇದಭಾಗ, ಆಮೇಲೆ ಒಬ್ಬೊಬ್ಬರಾಗಿ ಪ್ರಾರ್ಥನೆ. ಅಪ್ಪ, ಅಮ್ಮ, ಸಂಜಯಣ್ಣ, ಅವನ ಹೆಂಡತಿ ಕುಸುಮ ಅತ್ತಿಗೆ, ಕೊನೆಗೆ ನಾನು. ನನ್ನದು ದಿನವೂ ಒಂದೇ: “ಈ ದಿನಕ್ಕಾಗಿ ಸ್ತೋತ್ರ ಕರ್ತನೇ, ನಮ್ಮೆಲ್ಲರನ್ನೂ ಕಾಪಾಡು, ಆಮೆನ್.”

“ನಮ್ಮ ಸ್ತುತಿ ಮತ್ತೆ ಅದೇ ಕ್ಯಾಸೆಟ್ಟು ಹಾಕಿದ್ಲು, ಏಳ್ರಪ್ಪ ಊಟಕ್ಕೆ,” ಎಂದು ಅಣ್ಣ ನಗುತ್ತಾನೆ.

ಅತ್ತಿಗೆ ನಗುತ್ತಿರಲಿಲ್ಲ. “ಚಿಕ್ಕದಾದ್ರೆ ಏನಂತೆ, ದನಿ ಎಷ್ಟು ಚೆನ್ನಾಗಿದೆ ನಿಂದು. ಒಂದಿನ ಜೋರಾಗಿ ಮಾಡು ಕಣೆ, ನಾನು ಪಕ್ಕದಲ್ಲೇ ಇರ್ತೀನಿ,” ಎನ್ನುತ್ತಿದ್ದರು. ಈ ಮನೆಯಲ್ಲಿ ನನಗೆ ಅಂಥ ಮಾತು ಹೇಳಿದವರು ಅವರೊಬ್ಬರೇ.

ಆದರೆ ಈಗಿನ ಹೆದರಿಕೆ ನನ್ನ ದನಿಯದಲ್ಲ.

ಬೇಸಿಗೆಯಲ್ಲಿ ಅತ್ತಿಗೆಯ ಗರ್ಭ ನಿಲ್ಲಲಿಲ್ಲ. ಅದಕ್ಕೆ ಕೆಲವು ದಿನ ಮೊದಲು ಅವರು ಬೋಗಾದಿಯ ನಮ್ಮ ಮನೆಯಿಂದ ಇಲವಾಲದ ತವರಿಗೆ ಸ್ಕೂಟರಿನಲ್ಲಿ ಹೋಗಿಬಂದಿದ್ದರು. ಅಮ್ಮ ಬೇಡವೆಂದಿದ್ದಳು. ಆಸ್ಪತ್ರೆಗೆ ಹೋದಾಗ ಅಣ್ಣನಿಗೆ ಡ್ಯೂಟಿ ಇದ್ದದ್ದರಿಂದ ಜೊತೆಗಿದ್ದವಳು ನಾನು. “ಗಾಡಿ ಓಡಿಸಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ, ಕೆಲವು ಸಲ ಹೀಗಾಗುತ್ತೆ,” ಎಂದು ಡಾಕ್ಟರು ನನ್ನೆದುರಿಗೇ ಹೇಳಿದರು. ಅತ್ತಿಗೆ ಮನೆಯಲ್ಲಿ ಅದನ್ನೇ ಹೇಳಿದಾಗ ಅಮ್ಮ ಒಪ್ಪಲಿಲ್ಲ. “ಸಮಾಧಾನಕ್ಕೆ ಹೇಳ್ತಾರೆ ಬುಡು,” ಎಂದಳು. ಆಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಬಾಯಿ ಬರಲಿಲ್ಲ.

ಅಮ್ಮ ಕೆಟ್ಟವಳಲ್ಲ. ಹಳೆಯ ಮೆತ್ತನೆಯ ಸೀರೆಗಳನ್ನು ಕತ್ತರಿಸಿ ಮಗುವಿಗೆಂದು ಬಟ್ಟೆ ಹೊಲಿದಿಟ್ಟಿದ್ದಳು. ಅವು ಬೀರುವಿನಲ್ಲಿ ಹಾಗೇ ಇವೆ. ಅತ್ತಿಗೆಯನ್ನು ಅವಳು ಒಂದು ದಿನವೂ ಬೈದಿಲ್ಲ. ಪ್ರಾರ್ಥನೆಯಲ್ಲಿ ಮಾತ್ರ, ಕಣ್ಣು ಮುಚ್ಚಿಕೊಂಡು, ದೇವರಿಗೆ ಹೇಳುತ್ತಾಳೆ. ದೇವರಿಗೆ ಹೇಳುವುದನ್ನು ಯಾರು ತಡೆಯಬೇಕು? ಎಲ್ಲರೂ ತಲೆ ಬಗ್ಗಿಸಿ ಕೇಳುತ್ತೇವೆ, ಕೊನೆಗೆ ಆಮೆನ್ ಅನ್ನುತ್ತೇವೆ.

ಇವತ್ತು ಮಧ್ಯಾಹ್ನ ಅಮ್ಮ ಗಂಜಿ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಹೊರಟಿದ್ದಳು. ನಮ್ಮ ಚರ್ಚಿನ ಸಭೆಯ ಮಂಗಳಮ್ಮನವರಿಗೆ ಆಪರೇಷನ್ ಆಗಿತ್ತು. “ಪಾಪ, ಧೈರ್ಯ ಹೇಳೋರು ಒಬ್ರೂ ಇಲ್ಲ ಕಣಮ್ಮ ಅವ್ರಿಗೆ,” ಎನ್ನುತ್ತಾ ಚಪ್ಪಲಿ ಮೆಟ್ಟಿಕೊಂಡಳು.

ಅವಳು ಹೋದ ಮೇಲೆ ಒಣಗಿದ ಬಟ್ಟೆ ಕೊಡಲು ಅತ್ತಿಗೆಯ ರೂಮಿಗೆ ಹೋದೆ. ಮಂಚದ ಮೇಲೆ ಬ್ಯಾಗು ಬಾಯಿ ತೆರೆದುಕೊಂಡಿತ್ತು. ಮದುವೆಯ ರೇಷ್ಮೆ ಸೀರೆಯೂ ಅದರೊಳಗಿತ್ತು. ನಾಲ್ಕು ದಿನಕ್ಕೆ ತವರಿಗೆ ಹೋಗುವವರು ರೇಷ್ಮೆ ಸೀರೆ ಒಯ್ಯುವುದಿಲ್ಲ.

“ಬೆಳಿಗ್ಗೆ ಹೊರಡ್ತೀನಿ. ಯಾರಿಗೂ ಹೇಳ್ಬೇಡ.”

“ಯಾವಾಗ ಬರ್ತೀರ ಅತ್ತಿಗೆ?”

ಅವರು ನನ್ನ ಕೈಯ ಬಟ್ಟೆ ತೆಗೆದುಕೊಂಡು ಮಡಚತೊಡಗಿದರು. “ದಿನಾ ಸಾಯಂಕಾಲ ಆ ಪ್ರಾರ್ಥನೆ ಕೇಳೀ ಕೇಳೀ ಸಾಕಾಗಿದೆ ಸ್ತುತಿ. ನನ್ನಿಂದಾನೇ ಹೋಯ್ತೇನೋ ಅಂತ ನಂಗೂ ಅನ್ಸಕ್ಕೆ ಶುರುವಾಗಿದೆ.” ಆಮೇಲೆ ಕೋಪವಿಲ್ಲದೆ, ಏನೋ ನೆನಪಾದವರಂತೆ ಅಂದರು: “ಅವತ್ತು ಡಾಕ್ಟರ ಹತ್ರ ನೀನೂ ಇದ್ದೆ, ಅಲ್ವಾ?”

ಅಲ್ಲಿಂದ ಸಂಜೆಯವರೆಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಹಾಲು ಉಕ್ಕಿಸಿದೆ. ಗೇಟು ಸದ್ದಾದರೆ ಅಮ್ಮ ಬಂದಳೇನೋ ಎಂದು ಇಣುಕಿದೆ. ಹೇಳಿದರೆ ಅಮ್ಮ ನೊಂದುಕೊಳ್ಳುತ್ತಾಳೆ. ಹೇಳದಿದ್ದರೆ ನಾಳೆ ಆ ರೂಮು ಖಾಲಿ.

ಚಾಪೆ ಹಾಸಿದೆವು. ಹಾಡಿನಲ್ಲಿ ಅತ್ತಿಗೆಯ ದನಿಯಿರಲಿಲ್ಲ. ಅಪ್ಪ ಓದಿ, ಮಂಗಳಮ್ಮನವರ ಗಾಯ ಬೇಗ ಮಾಯಲಿ ಎಂದು ಪ್ರಾರ್ಥಿಸಿದರು. ಆಮೇಲೆ ಅಮ್ಮ.

“ಕರುಣೆಯುಳ್ಳ ತಂದೆಯೇ, ಈ ಮನೆ ಸೊಸೇನ ನೆನಪು ಮಾಡ್ಕೋ. ಹಿರಿಯರ ಮಾತು ಮೀರಿ ಗಾಡಿ ಓಡಿಸಿ ನೀನು ಕೊಟ್ಟ ಕೂಸನ್ನ ಕಳ್ಕೊಂಡ್ಳು. ಅವಳನ್ನ ಕ್ಷಮಿಸಪ್ಪಾ. ಇನ್ಮೇಲಾದ್ರೂ ಒಳ್ಳೇ ಬುದ್ಧಿ ಕೊಡು…”

ಅಣ್ಣ ಎರಡು ಮಾತಿನಲ್ಲಿ ಮುಗಿಸಿದ. ಅಮ್ಮನ ಎದುರು ಅವನಿಗೂ ಮಾತು ಹೊರಡದು. ಅತ್ತಿಗೆಯ ಸರದಿ ಬಂತು. ಅವರು ಏನೂ ಹೇಳಲಿಲ್ಲ. ಅಪ್ಪ ಮೆಲ್ಲಗೆ ಕೆಮ್ಮಿದರು. “ಸ್ತುತಿ,” ಎಂದರು.

“ಕರ್ತನೇ,” ಎಂದೆ. ಈ ದಿನಕ್ಕಾಗಿ ಸ್ತೋತ್ರ ಎನ್ನಬೇಕು. ಈ ದಿನಕ್ಕಾಗಿ ಹೇಗೆ ಅನ್ನಲಿ?

ಕಣ್ಣು ತೆರೆದೆ. ಪ್ರಾರ್ಥನೆಯ ನಡುವೆ ಕಣ್ಣು ತೆರೆಯಬಾರದು ಎಂದು ಚಿಕ್ಕಂದಿನಲ್ಲಿ ಅಮ್ಮನೇ ಗದರಿಸಿ ಕಲಿಸಿದ್ದಳು. ಅವಳ ಕಣ್ಣುಗಳು ಮುಚ್ಚಿದ್ದವು, ಕೆನ್ನೆ ಒದ್ದೆಯಾಗಿತ್ತು. ಅತ್ತಿಗೆ ತಲೆ ಬಗ್ಗಿಸಿ ಚಾಪೆಯ ಅಂಚನ್ನು ಉಗುರಿನಿಂದ ಕೀಳುತ್ತಿದ್ದರು. ಅವರ ಕೈ ಹಿಡಿದುಕೊಂಡೆ. ತಣ್ಣಗಿತ್ತು. ಪಕ್ಕದಲ್ಲೇ ಇರುತ್ತೇನೆ ಎಂದವರ ಪಕ್ಕದಲ್ಲಿ ಈಗ ನಾನಿದ್ದೆ.

“ಅಮ್ಮಾ,” ಎಂದೆ.

ಅಣ್ಣ ತಲೆ ಎತ್ತಿದ. ಅಮ್ಮ ಕಣ್ಣು ಬಿಟ್ಟು, ದೇವರನ್ನು ಬಿಟ್ಟು ತನ್ನನ್ನೇಕೆ ಕರೆಯುತ್ತಿದ್ದಾಳೆ ಎಂಬಂತೆ ನನ್ನನ್ನೇ ನೋಡಿದಳು. ಎದ್ದು ಓಡಿಹೋಗಬೇಕು ಅನ್ನಿಸಿತು. ಅತ್ತಿಗೆಯ ಬೆರಳುಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದವು.

“ಅವತ್ತು ನಾನೂ ಅಲ್ಲೇ ಇದ್ದೆ. ಗಾಡಿ ಓಡಿಸಿದ್ದಕ್ಕೆ ಆಗಿದ್ದಲ್ಲ ಅಂತ ಡಾಕ್ಟರು ನನ್ನ ಮುಂದೇನೇ ಹೇಳಿದ್ರು. ಅತ್ತಿಗೇದು ಏನೂ ತಪ್ಪಿಲ್ಲಮ್ಮ.”