ಬೇವಿನ ಗಿಡದ ನೀಲಿ ತುಟಿ

ಕಾಂತೇಶನ ಸಿಟ್ಟು ದೋರನಹಳ್ಳಿಯಾಗ ಸಣ್ಣ ಮಕ್ಕಳಿಗೂ ಗೊತ್ತು. ಮೊದ್ಲು ಕೈ, ಆಮ್ಯಾಲೆ ಮಾತು. ಅಂಥಾವನ ಒಬ್ಬಳೇ ಮಗಳು ಭಾಗ್ಯ ಯಾದಗಿರಿ ದವಾಖಾನ್ಯಾಗ ಜ್ವರ ಬಂದು ಕಣ್ಣು ತೆರೀದಂಗ ಬಿದ್ದಿದ್ಳು. ಹೆಂಡ್ತಿ ಮೋನಮ್ಮ ಕಿವ್ಯಾಗ ಊದಿದ್ಳು: "ಯಾರೋ ಮಾಟ ಮಾಡ್ಯಾರ. ಒಡ್ಡಿನ ಬೇವಿನ ಗಿಡ ನೋಡಿ ಬರ್ರಿ." ಕೊಡ್ಲಿ ಹೆಗಲಿಗೇರಿಸಿ ಹೊಂಟ.

ಗಿಡದ ಮ್ಯಾಲೆ ಸ್ವಂತ ತಮ್ಮ ಮರಿಲಿಂಗ ಕೂತಿದ್ದ. ಶಹಾಪುರದಾಗ ಸೈನ್ಸ್ ಮಾಸ್ತರ. ರಜಾ ಸಿಕ್ರ ಸಾಕು, ಸುರಪುರದ ಗುಡ್ಡದಾಗ ಕಾಡು ಆರ್ಕಿಡ್ ಹುಡುಕ್ಕೋತ ತಿರುಗೋ ಹುಚ್ಚಪ್ಪ. ಬೇರು ಜೋತಾಡೋ ಬಳ್ಳಿಯೊಂದನ್ನ ಟೊಂಗಿಗೆ ಇಟ್ಟು ಕೆಂಪು ದಾರ ಸುತ್ತಾಕತ್ತಿದ್ದ.

ಗಿಡದ ಮ್ಯಾಲೆ ಹುಟ್ಟೋ ಬದನಿಕಿಗೆ ಕೆಂಪು ದಾರ ಸುತ್ತಿ ಒಡ್ಡಿನ ಗಿಡಕ್ಕ ಕಟ್ಟಿದ್ರ ಮಗ್ಗಲ ಹೊಲದವನ ಕುಡಿ ಬಾಡ್ತದ ಅಂತ ಹಿರ್ಯಾರು ಹೇಳಿದ ಮಾತು. ಒಡ್ಡಿನ ಆ ಕಡಿ ಹೊಲ ತಮ್ಮಂದು, ಈ ಕಡಿದು ಕಾಂತೇಶಂದು. ಇನ್ನೇನು ಸಾಕ್ಷಿ ಬೇಕು?

"ಇಳಿಯಲೇ ಕೆಳಗ."

"ತಡಿಯಣ್ಣ. ಗಾಳಿಗೆ ಕಿತ್ತು ಬಿದ್ದಿತ್ತು, ಕಟ್ಟಾಕತ್ತೇನಿ. ಇದು ಬದನಿಕಿ ಅಲ್ಲ, ಗಿಡದ ರಸ ಕುಡಿಯಂಗಿಲ್ಲ. ಮೊಗ್ಗಿ ಬಂದಾವ ನೋಡು. ಹೂವಿನ ತುಟಿ ನೀಲಿ ಇದ್ರ ವಂಡಾ ಅನ್ನೋ ಆರ್ಕಿಡ್ ಅಂತ ಗುರುತು. ಅರಳಲಿ, ಭಾಗ್ಯಾಗ ತೋರಸ್ತೀನಿ."

ಮಗಳ ಹೆಸರು ಆ ಬಾಯಾಗ ಬಂದದ್ದೇ ತಡ, ಕಾಂತೇಶನ ತಲಿ ಕೆಟ್ಟಿತು. ಕಾಲು ಹಿಡಿದು ಜಗ್ಗಿದ. ಟೊಂಗಿ ಲಟಕ್ಕಂತ ಮುರಿದು ತಮ್ಮನ ಜೋಡಿನೇ ಬಿತ್ತು. ಮರಿಲಿಂಗ ಏಳಾಕ ಕೈ ಚಾಚಿದ. ಅಣ್ಣ ಕೈ ಕೊಡ್ತಾನ ಅಂತ ತಿಳದಿದ್ದ, ಪಾಪ. ಕೊಡ್ಲಿ ಕುತ್ತಿಗಿಗೆ ಬಿತ್ತು. ರಕ್ತ ಹತ್ತಿ ಹೊಲದ ಸಾಲಿಗೆ ಹರೀತು. ತಮ್ಮ ಅಲುಗಾಡೂದು ನಿಂತಮ್ಯಾಲೂ ಕಾಂತೇಶ, ಹಿಡಿಕಿ ಜಾರೂತನಕ ಹೊಡೆದ.

ಮೂರು ದಿನ ತಲಿ ಮರೆಸ್ಕೊಂಡು ತಿರುಗಿದವನ್ನ ಸೈದಾಪುರದಾಗ ರೈಲು ಹತ್ತೂ ಮುಂದ ಪೊಲೀಸರು ಹಿಡಿದ್ರು. ಜೀಪಿನ್ಯಾಗ ಜಮಾದಾರ ಅಂದ, "ನಿನ್ನ ಮಗಳು ಕಣ್ಣು ತೆರದಾಳ. ಡೆಂಗ್ಯೂ ಇತ್ತಂತ. ಕಾಕಾ ಎಲ್ಲಿ ಅಂತ ಕೇಳಾಕತ್ತಾಳ."

ಸಿಟ್ಟಿನ್ಯಾಗ ಕೊಯ್ದ ಮೂಗು ಸಮಾಧಾನ ಆದಮ್ಯಾಲೆ ಬರ್ತದೇನು? ಕಾಂತೇಶ ಬೇಡಿ ಹಾಕಿದ ಕೈ ಕಚ್ಚಿಕೊಂಡು ಅತ್ತ.

ಪಂಚನಾಮಕ್ಕ ಒಡ್ಡಿಗೆ ತಂದ್ರು. ಮುರಿದ ಟೊಂಗಿ ಅಲ್ಲೇ ಬಿದ್ದಿತ್ತು, ಕೆಂಪು ದಾರ ಬಿಚ್ಚಿರಲಿಲ್ಲ. ಮೊಗ್ಗಿ ಅರಳಿದ್ವು. ಕಂದು ಚೌಕಳಿ ಎಸಳು, ನಡುವ ನೀಲಿ ತುಟಿ.

"ಇದೇನೋ, ಬದನಿಕಿ?" ಜಮಾದಾರ ಬೂಟಿನಿಂದ ಸರಿಸಾಕ ಹೋದ.

"ಅಲ್ರಿ," ಅಂದ ಕಾಂತೇಶ. "ವಂಡಾ ಅದ. ಮೆಟ್ಟಬ್ಯಾಡ್ರಿ, ನನ್ನ ತಮ್ಮ ಕಟ್ಟಿದ್ದು."